ಹೊಸ ನೀರು ಒಗ್ಗುವವರೆಗೆ: ಮನೆಯ ತೊಟ್ಟಿಗೆ ಬಂದ ಕಡಲ ಮೀನಿನ ಆರೈಕೆ

ಕಾರ್ಯಕ್ರಮಗಳ ಪಟ್ಟಿ, ಚಂದಾ ಬಾಕಿ, ರಾಜ್ಯೋತ್ಸವದ ಖರ್ಚುವೆಚ್ಚದ ನಡುವೆ ಈ ಪುಟದಲ್ಲಿ ಕಡಲ ಮೀನಿನ ವಿಷಯ ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಈಚೆಗೆ ಹಿಂದೂಪುರ, ಕಲ್ಯಾಣದುರ್ಗ ಎರಡೂ ಕಡೆಯ ಸದಸ್ಯರ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿಗಳು ಕಾಣಿಸಿಕೊಳ್ಳುತ್ತಿವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ತಂದುಕೊಡುತ್ತಾರೆ, ಮೊಮ್ಮಕ್ಕಳು ಹಟ ಹಿಡಿಯುತ್ತಾರೆ. ಸಂಘದ ಕಚೇರಿಗೆ ಬರುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: ಇಷ್ಟು ದುಡ್ಡು ಕೊಟ್ಟು ತಂದ ಮೀನು ನಾಲ್ಕೇ ದಿನಕ್ಕೆ ಸತ್ತಿತು, ಏಕೆ? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆ ಬರೆದು ಇಟ್ಟರೆ ಅನುಕೂಲವೆಂದು ಈ ಲೇಖನ. ಬೇಕಾದವರು ಪ್ರತಿ ತೆಗೆದು ತೊಟ್ಟಿಯ ಪಕ್ಕದಲ್ಲೇ ಅಂಟಿಸಿಕೊಳ್ಳಬಹುದು.

ನಮ್ಮ ಊರುಗಳಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗಬೇಕಾದರೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಮಳೆ ಕಡಿಮೆ, ಬೋರ್‌ವೆಲ್ ನೀರು ಗಡಸು, ಹಲವು ಕಡೆ ಫ್ಲೋರೈಡ್ ಬೇರೆ. ಇಂಥ ಕಡೆ ಹವಳದ ದಿಬ್ಬದ ಮೀನು ಬದುಕುತ್ತದೆಯೇ ಎಂದರೆ, ಬದುಕುತ್ತದೆ. ಹಿಂದೂಪುರದಲ್ಲಿಯೇ ಒಂದು ಮನೆಯಲ್ಲಿ ಒಂದು ಜೊತೆ ಕ್ಲೌನ್ ಮೀನು ಮೂರನೇ ಬೇಸಿಗೆಯನ್ನು ಕಳೆದಿವೆ. ಸತ್ತವುಗಳಲ್ಲಿ ಹೆಚ್ಚಿನವು ಸತ್ತದ್ದು ಮೊದಲ ವಾರದಲ್ಲಿ. ಅಂದರೆ ತೊಂದರೆ ಇರುವುದು ಸಾಕುವುದರಲ್ಲಿ ಅಲ್ಲ, ಬರಮಾಡಿಕೊಳ್ಳುವುದರಲ್ಲಿ. ವರ್ಗವಾಗಿ ಹೊಸ ಊರಿಗೆ ಹೋದ ನೌಕರನಿಗೆ ಅಲ್ಲಿಯ ನೀರು ಒಗ್ಗುವವರೆಗೆ ಹೊಟ್ಟೆ ಕೆಡುವುದು ನಮಗೆಲ್ಲ ಗೊತ್ತು. ಮೀನು ನೀರು ಕುಡಿಯುವುದಷ್ಟೇ ಅಲ್ಲ, ಅದರೊಳಗೇ ಇರಬೇಕು, ಅದರಿಂದಲೇ ಉಸಿರಾಡಬೇಕು.

ಉಪ್ಪು ಮತ್ತು ಮೈ

ಕಡಲ ಮೀನಿನ ರಕ್ತದಲ್ಲಿರುವ ಉಪ್ಪಿನ ಅಂಶ ಕಡಲ ನೀರಿನಲ್ಲಿರುವುದರ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಹೊರಗಿನ ಉಪ್ಪುನೀರು ಸದಾ ಮೀನಿನ ಮೈಯಿಂದ ನೀರನ್ನು ಎಳೆಯುತ್ತಿರುತ್ತದೆ, ಉಪ್ಪಿನಕಾಯಿಗೆ ಹಾಕಿದ ಮಾವಿನಹೋಳು ನೀರು ಬಿಡುವ ಹಾಗೆ. ಅದನ್ನು ಸರಿದೂಗಿಸಲು ಮೀನು ಕಡಲ ನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನ ಮೂಲಕ ಹೊರಹಾಕುತ್ತದೆ. ಸಿಹಿನೀರಿನ ಮೀನಿನದು ಇದಕ್ಕೆ ತದ್ವಿರುದ್ಧ. ಈ ಕೆಲಸಕ್ಕೆ ಮೀನಿಗೆ ಶಕ್ತಿ ಬೇಕು. ಪ್ರಯಾಣದಿಂದ ದಣಿದು, ಹೊಟ್ಟೆ ಖಾಲಿ ಇರುವ ಮೀನಿಗೆ ಇದ್ದಕ್ಕಿದ್ದಂತೆ ಹೆಚ್ಚು ಉಪ್ಪಿನ ನೀರು ಸಿಕ್ಕರೆ ಒಳಗೇ ಒಣಗುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಎರಡು ದಿನ ಮೂಲೆಯಲ್ಲಿ ನಿಂತು ಮೂರನೇ ದಿನ ತೇಲುತ್ತದೆ. ಕಡಿಮೆ ಉಪ್ಪಿನ ಕಡೆಗೆ ಹೋಗುವುದನ್ನು ಅದು ಸಹಿಸಿಕೊಳ್ಳುತ್ತದೆ, ಹೆಚ್ಚಿನ ಕಡೆಗೆ ಹೋಗುವುದು ಕಷ್ಟ. ಮುಂದೆ ಹೇಳುವ ಅರ್ಧ ವಿಷಯಕ್ಕೆ ಇದೇ ಆಧಾರ.

ಮೀನಿಗೆ ಮೊದಲು ನೀರು

ತೊಟ್ಟಿ, ಉಪ್ಪು, ಮೀನು ಮೂರನ್ನೂ ಒಂದೇ ದಿನ ಒಂದೇ ಕಾರಿನಲ್ಲಿ ತರುವ ಪದ್ಧತಿ ನಮ್ಮಲ್ಲಿದೆ. ಹೋಗಿಬರುವ ಖರ್ಚು ಉಳಿಯುತ್ತದೆ ಎಂಬುದು ಲೆಕ್ಕ. ಈ ಲೆಕ್ಕ ತಪ್ಪು. ಮೀನಿಗೂ ತೊಟ್ಟಿಗೂ ನಡುವೆ ಕನಿಷ್ಠ ನಾಲ್ಕರಿಂದ ಆರು ವಾರ ಇರಬೇಕು.

ಮೊದಲು ನೀರು ಯಾವುದು ಎಂಬುದು. ಬೋರ್‌ವೆಲ್ ನೀರು ಬೇಡ. ಗಡಸುತನ, ಫ್ಲೋರೈಡ್, ಹೊಲಗಳ ಗೊಬ್ಬರದಿಂದ ಇಳಿದ ನೈಟ್ರೇಟ್ ಎಲ್ಲವೂ ಉಪ್ಪು ಬೆರೆಸುವ ಮೊದಲೇ ಅದರಲ್ಲಿ ಸೇರಿರುತ್ತವೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರನ್ನು ಸುಡುತ್ತದೆ. ಆರ್‌ಒ ನೀರೇ ಸರಿ. ಮನೆಯಲ್ಲಿ ಆರ್‌ಒ ಇಲ್ಲದವರು ಊರಿನ ವಾಟರ್ ಪ್ಲಾಂಟಿನ 20 ಲೀಟರ್ ಕ್ಯಾನು ತರಬಹುದು, ಆದರೆ ತಂದಾಗಲೆಲ್ಲ ಟಿಡಿಎಸ್ ಮೀಟರ್ ಅದ್ದಿ ನೋಡಬೇಕು. ಪ್ಲಾಂಟಿನವರು ರುಚಿಗೆಂದು ಬೋರ್ ನೀರು ಬೆರೆಸುವುದುಂಟು, ಕುಡಿಯುವವರಿಗೆ ಅದು ಒಳ್ಳೆಯದೇ. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಮೀನಿಗೆ ಒಳ್ಳೆಯದು.

ಉಪ್ಪು ಎಂದರೆ ಅಡುಗೆ ಉಪ್ಪಲ್ಲ, ಕಲ್ಲುಪ್ಪೂ ಅಲ್ಲ. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಒಂದು ಪ್ರಮಾಣದಲ್ಲಿ ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮೆರೈನ್ ಸಾಲ್ಟನ್ನೇ ಕೊಳ್ಳಬೇಕು. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೇಕಾಗುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ಪೂರ್ತಿ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ, ಅದಕ್ಕೆ ಏಳು ಕಿಲೋ ಉಪ್ಪು. ಗಾಜು, ಕಲ್ಲು, ನೀರು ಸೇರಿ ಎರಡು ಕ್ವಿಂಟಾಲ್ ದಾಟುತ್ತದೆ, ಆದ್ದರಿಂದ ಹಳೆಯ ಟಿವಿ ಮೇಜಿನ ಮೇಲೆ ಇಡಬೇಡಿ. ಇದಕ್ಕಿಂತ ಚಿಕ್ಕ ತೊಟ್ಟಿ ಸುಲಭವೆಂದು ಹಲವರು ತಿಳಿಯುತ್ತಾರೆ. ನೀರು ಕಡಿಮೆಯಾದಷ್ಟೂ ಶಾಖ, ಉಪ್ಪು, ಕೊಳೆ ಬೇಗ ಏರುತ್ತವೆ. ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ.

ಉಪ್ಪನ್ನು ತೊಟ್ಟಿಯಲ್ಲಿ ಮೀನಿದ್ದಾಗ ಸುರಿಯಬಾರದು. ಬಕೆಟ್ಟಿನಲ್ಲಿ ಬೆರೆಸಿ, ಪಂಪ್ ಹಾಕಿ ಒಂದು ದಿನ ಆಡಿಸಿ, ಆಮೇಲೆ ಅಳೆಯಬೇಕು. ಅಳತೆಗೆ ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ದುರ್ಬೀನಿನಂಥ ಸಾಧನವಿದೆ. ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ಸಾಂದ್ರತೆ 1.023ರಿಂದ 1.025 ಇದ್ದರೆ ಕಡಲಿಗೆ ಸಮ. ತೇಲುವ ಪ್ಲಾಸ್ಟಿಕ್ ಮಾಪಕಗಳನ್ನು ನಾವು ನಂಬುವುದಿಲ್ಲ.

ಇನ್ನು ನಾಲ್ಕರಿಂದ ಆರು ವಾರ ಏಕೆ ಎಂಬುದು. ಮೀನಿನ ಕಿವಿರಿನಿಂದ, ಮಲದಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಕಲ್ಲು, ಮರಳು, ಸ್ಪಂಜಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕಾದರೆ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಬೇಕು. ಹಾಲಿಗೆ ಹೆಪ್ಪು ಹಾಕಿ ಕಾದಂತೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ಬಂದು, ನೈಟ್ರೇಟ್ ಕಾಣಿಸಿದ ಮೇಲೆ ಮೀನಿನ ಮಾತು.

ಕಲ್ಯಾಣದುರ್ಗದ ನಮ್ಮ ಸದಸ್ಯ ದಂಪತಿ ಮಗಳ ಹುಟ್ಟುಹಬ್ಬಕ್ಕೆಂದು ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್ ತಂದರು. ಅಂಗಡಿಯವರು ಒಂದು ಬಾಟಲಿ ದ್ರಾವಣ ಕೊಟ್ಟು, ಇದನ್ನು ಹಾಕಿದರೆ ಅಂದೇ ಮೀನು ಬಿಡಬಹುದು ಎಂದಿದ್ದರಂತೆ. ಮೂರನೇ ದಿನ ಟ್ಯಾಂಗ್ ಹೋಯಿತು, ಐದನೇ ದಿನ ಕ್ಲೌನ್ ಎರಡೂ ಹೋದವು. ಆಮೇಲೆ ನೀರನ್ನು ಪರೀಕ್ಷಿಸಿದಾಗ ಅಮೋನಿಯಾದ ಬಣ್ಣ ಕಿಟ್‌ನ ಪಟ್ಟಿಯ ಕಡು ಹಸಿರಿಗೆ ಹೋಗಿತ್ತು. ಹುಡುಗಿಗೆ ಎಂಟು ವರ್ಷ. ತಾನು ಗಾಜು ತಟ್ಟಿದ್ದಕ್ಕೇ ಸತ್ತವು ಎಂದುಕೊಂಡು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಳು ಎಂದು ತಾಯಿ ನಮಗೆ ಹೇಳಿದರು. ತಟ್ಟಿದ್ದರಿಂದ ಅಲ್ಲ ಮಗು, ನೀರು ಇನ್ನೂ ಸಿದ್ಧವಾಗಿರಲಿಲ್ಲ ಎಂದು ಅವಳಿಗೆ ಕಿಟ್‌ನ ಬಣ್ಣ ತೋರಿಸಿ ಹೇಳಬೇಕಾಯಿತು. ಅಂಥ ಬಾಟಲಿಗಳಲ್ಲಿ ಕೆಲವು ಸಹಾಯ ಮಾಡುತ್ತವೆ, ಆದರೆ ಯಾವುದೂ ಕಿಟ್‌ಗೆ ಬದಲಿಯಲ್ಲ.

ಯಾವ ಮೀನು

ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಮೊದಲ ಸಲಕ್ಕೆ ಕ್ಲೌನ್ ಮೀನು, ಅಂದರೆ ಅಂಗಡಿಗಳಲ್ಲಿ ‘ನೀಮೋ’ ಎಂದು ಕರೆಯುವ ಕಿತ್ತಳೆ ಬಿಳಿ ಪಟ್ಟೆಯದು ಸಾಕು. ಅದರಲ್ಲೂ ಮರಿಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೇಳಿ ಪಡೆಯಿರಿ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಮುಂತಾದ ಕೇಂದ್ರಗಳಲ್ಲಿ ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಗಾಜು ಹೊಸದಲ್ಲ, ಒಣ ಆಹಾರ ಹೊಸದಲ್ಲ, ಮನುಷ್ಯರ ಮುಖವೂ ಹೊಸದಲ್ಲ. ಕಡಲಿನಲ್ಲಿ ಬಲೆ ಹಾಕಿ ಹಿಡಿದದ್ದಕ್ಕೆ ಇವೆಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ವಿದೇಶದಿಂದ ಬರುವ ಕೆಲವನ್ನು ಸೈನೈಡ್ ಸಿಂಪಡಿಸಿ ಮಂಕಾಗಿಸಿ ಹಿಡಿಯುವ ಕೆಟ್ಟ ಪದ್ಧತಿಯೂ ಇದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡು ಮನೆಗೆ ಬಂದ ಮೇಲೆ ಸಾಯುತ್ತದೆ.

ಎರಡು ಕೊಳ್ಳುವುದಾದರೆ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಕ್ಲೌನ್ ಮೀನುಗಳ ಸಂಸಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಸಮ ಗಾತ್ರದ ಎರಡನ್ನು ಬಿಟ್ಟರೆ ಯಜಮಾನಿಕೆ ಯಾರದು ಎಂದು ತೀರ್ಮಾನವಾಗುವವರೆಗೆ ಜಗಳ ಹೆಚ್ಚು. ಸಿನಿಮಾದಲ್ಲಿ ಕಂಡಂತೆ ಅದಕ್ಕೆ ಸೀ ಅನಿಮೋನ್ ಬೇಕೇ ಬೇಕು ಎಂದಿಲ್ಲ. ಅನಿಮೋನ್ ಸಾಕುವುದು ಮೀನಿಗಿಂತ ಕಷ್ಟ, ಅದು ಸತ್ತು ಕೊಳೆತರೆ ಇಡೀ ತೊಟ್ಟಿ ಹಾಳು.

ಪೌಡರ್ ಬ್ಲೂ ಟ್ಯಾಂಗ್ ಹಿಂದೂ ಮಹಾಸಾಗರದ ಮೀನು, ನೋಡಲು ಬಹಳ ಚೆಂದ. ಮೂರು ಅಡಿಯ ತೊಟ್ಟಿಗೆ ಅದನ್ನು ತರುವುದು ಹುಲಿಯನ್ನು ಹಟ್ಟಿಯಲ್ಲಿ ಕಟ್ಟಿದಂತೆ. ಬಿಳಿ ಚುಕ್ಕೆ ರೋಗ ಎಲ್ಲಕ್ಕಿಂತ ಮೊದಲು ಅದಕ್ಕೇ ತಗಲುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನ ಸಂದಿಯ ಸಣ್ಣ ಜೀವಿಗಳನ್ನು ಬಿಟ್ಟು ಬೇರೆ ತಿನ್ನುವುದು ಅಪರೂಪ, ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಡ್ಯಾಮ್ಸೆಲ್ ಗಟ್ಟಿ ಮೀನು, ಅಗ್ಗ, ಆದರೆ ಆಮೇಲೆ ಬಂದ ಎಲ್ಲರನ್ನೂ ಕಚ್ಚಿ ಓಡಿಸುತ್ತದೆ. ಬೇಕೆಂದರೆ ಎಲ್ಲಕ್ಕಿಂತ ಕೊನೆಗೆ ಬಿಡಿ.

ಕಾನೂನಿನ ಮಾತೊಂದು. ಕಡಲ್ಗುದುರೆ ಮತ್ತು ಅದರ ಜಾತಿಯ ಪೈಪ್ ಮೀನುಗಳು, ಕಡಲ ಸೌತೆ, ದಿಬ್ಬ ಕಟ್ಟುವ ಹವಳಗಳು, ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿವೆ. ಅಂದರೆ ಹುಲಿಯ ಪಂಕ್ತಿಯಲ್ಲೇ ಕೂರಿಸಿದ್ದಾರೆ. ಯಾರಾದರೂ ಗುಟ್ಟಾಗಿ ಹವಳದ ತುಂಡು ಕೊಡುತ್ತೇವೆ ಎಂದರೆ ತರಬೇಡಿ. ತೊಟ್ಟಿಗೆ ಒಣ ಸೆರಾಮಿಕ್ ಕಲ್ಲು ಸಾಕು, ಬ್ಯಾಕ್ಟೀರಿಯಾ ಅದರ ಮೇಲೂ ಬೆಳೆಯುತ್ತವೆ. ಹವಳ ನೋಡುವ ಆಸೆಯಿದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿನೊಳಗೇ ನೋಡಿ ಬರಬಹುದು.

ಚೀಲದೊಳಗಿನ ಲೆಕ್ಕ

ಇದು ಈ ಲೇಖನದ ಮುಖ್ಯ ಭಾಗ, ನಿಧಾನವಾಗಿ ಓದಿ.

ಬೆಂಗಳೂರಿನ ಅಂಗಡಿಯಲ್ಲಿ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲೆ ಆಮ್ಲಜನಕ ತುಂಬುತ್ತಾರೆ. ಅಂಗಡಿಯಿಂದ ಸ್ಟೇಷನ್ನಿಗೆ, ರೈಲಿನಲ್ಲಿ ಹಿಂದೂಪುರಕ್ಕೆ, ಅಲ್ಲಿಂದ ಮನೆಗೆ ಎಂದರೆ ಮೂರು ನಾಲ್ಕು ಗಂಟೆ. ಕಲ್ಯಾಣದುರ್ಗಕ್ಕೆ ಬಸ್ಸು ಬದಲಿಸಿ ಹೋಗುವವರಿಗೆ ಆರು ಗಂಟೆಯೂ ಆಗುತ್ತದೆ. ಅಷ್ಟು ಹೊತ್ತು ಮೀನು ಚೀಲದೊಳಗೆ ಉಸಿರು ಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸೇರಿ ನೀರು ಹುಳಿಯಾಗುತ್ತದೆ. ಪಿಎಚ್ 8.2 ಇದ್ದದ್ದು 7ರ ಹತ್ತಿರಕ್ಕೆ ಇಳಿಯಬಹುದು. ಜೊತೆಗೇ ಅಮೋನಿಯಾ ಕೂಡುತ್ತಾ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುತ್ತದೆ. ಹೀಗಾಗಿ ಚೀಲ ಕಟ್ಟಿರುವವರೆಗೆ ಮೀನು ಹೇಗೋ ತಡೆದುಕೊಂಡಿರುತ್ತದೆ.

ಚೀಲ ಬಿಚ್ಚಿದ ಕ್ಷಣದಿಂದ ಲೆಕ್ಕ ತಲೆಕೆಳಗು. ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷದ ಅಮೋನಿಯಾ ಆಗುತ್ತದೆ. ಪಿಎಚ್ 7ರಿಂದ 8.2ಕ್ಕೆ ಏರಿದರೆ ವಿಷದ ಪಾಲು ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಈಗ ಯೋಚಿಸಿ. ಹಲವರು ಒಳ್ಳೆಯ ಮನಸ್ಸಿನಿಂದ ಏನು ಮಾಡುತ್ತಾರೆ? ಚೀಲ ಬಿಚ್ಚಿ, ಸಲೈನ್ ಟ್ಯೂಬಿನಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಎರಡು ಗಂಟೆ ಬಿಡುತ್ತಾರೆ, ಮೇಲಿಂದ ಏರ್ ಪಂಪನ್ನೂ ಹಾಕುತ್ತಾರೆ. ಅಂಗಡಿ ಪಕ್ಕದ ಬೀದಿಯಲ್ಲಿದ್ದು, ಚೀಲದಲ್ಲಿ ಅರ್ಧ ಗಂಟೆ ಮಾತ್ರ ಇದ್ದ ಮೀನಿಗೆ ಈ ಹನಿ ಪದ್ಧತಿ ಸರಿ. ದೂರದಿಂದ ಬಂದ ನಮ್ಮ ಮೀನಿಗೆ ಅದು ಎರಡು ಗಂಟೆಯ ವಿಷ.

ಹಾಗಾದರೆ ಮಾಡಬೇಕಾದದ್ದು ಹೀಗೆ. ಮೀನು ತರುವ ಎರಡು ದಿನ ಮೊದಲೇ ಅಂಗಡಿಗೆ ಫೋನ್ ಮಾಡಿ, ನಿಮ್ಮ ತೊಟ್ಟಿಯ ನೀರಿನ ಸಾಂದ್ರತೆ ಎಷ್ಟು ಎಂದು ಕೇಳಿ. ಅಂಗಡಿಗಳವರು ಉಪ್ಪಿನ ಖರ್ಚು ಉಳಿಯಲೆಂದೂ ರೋಗಾಣು ಕಡಿಮೆಯಾಗಲೆಂದೂ 1.018, 1.020ರಲ್ಲಿ ಇಡುವುದುಂಟು. ಎಷ್ಟು ಹೇಳುತ್ತಾರೋ ಅಷ್ಟಕ್ಕೇ ನಿಮ್ಮ ಪ್ರತ್ಯೇಕ ತೊಟ್ಟಿಯ ನೀರನ್ನು ಸರಿಮಾಡಿ ಇಟ್ಟುಕೊಳ್ಳಿ. ಪ್ರತ್ಯೇಕ ತೊಟ್ಟಿ ಎಂದರೇನು ಎಂಬುದನ್ನು ಮುಂದೆ ಹೇಳುತ್ತೇವೆ. ದಣಿದು ಬಂದ ಮೀನು ನೀರಿಗೆ ಹೊಂದಿಕೊಳ್ಳಬೇಕಿಲ್ಲ, ಆ ಒಂದು ದಿನದ ಮಟ್ಟಿಗೆ ನೀರೇ ಮೀನಿಗೆ ಹೊಂದಿಕೊಳ್ಳಲಿ.

ಬೆಳಗಿನ ಹೊತ್ತು, ಬಿಸಿಲು ಏರುವ ಮೊದಲು ತರುವಂತೆ ಹೊರಡಿ. ಚೀಲವನ್ನು ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರೆ ಕತ್ತಲೆಯೂ ತಂಪೂ ಇರುತ್ತದೆ. ದಾರಿಯಲ್ಲಿ ತೆರೆದು ಸಹಪ್ರಯಾಣಿಕರಿಗೆಲ್ಲ ತೋರಿಸಬೇಡಿ. ಮನೆಗೆ ಬಂದ ಮೇಲೆ ಕೋಣೆಯ ದೀಪ, ತೊಟ್ಟಿಯ ದೀಪ ಎರಡನ್ನೂ ಆರಿಸಿ. ಕಟ್ಟಿದ ಚೀಲವನ್ನೇ ತೊಟ್ಟಿಯ ನೀರಿನ ಮೇಲೆ 15ರಿಂದ 20 ನಿಮಿಷ ತೇಲಬಿಡಿ, ಶಾಖ ಸಮವಾಗುತ್ತದೆ. ಆಮೇಲೆ ಬಿಚ್ಚಿ, ಎರಡು ಹನಿ ತೆಗೆದು ಅಳೆಯಿರಿ. ತೊಟ್ಟಿಗೂ ಚೀಲಕ್ಕೂ ವ್ಯತ್ಯಾಸ 0.002ರ ಒಳಗಿದ್ದರೆ ಒಂದು ಲೋಟದಿಂದಲೋ ಮೃದುವಾದ ಬಲೆಯಿಂದಲೋ ಮೀನನ್ನು ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ, ಅಮೋನಿಯಾವೂ ರೋಗಾಣುವೂ ಅದರಲ್ಲೇ ಇರುತ್ತವೆ. ಅಂಗಡಿಯವರು ಹೇಳಿದ ಅಂಕಿ ತಪ್ಪಿ ಚೀಲದ ನೀರಿನಲ್ಲಿ ಉಪ್ಪು ಇನ್ನೂ ಕಡಿಮೆ ಕಂಡುಬಂದರೆ, ಪ್ರತ್ಯೇಕ ತೊಟ್ಟಿಗೆ ಆರ್‌ಒ ನೀರು ಬೆರೆಸಿ ಇಳಿಸಿಕೊಳ್ಳಿ. ಇದಕ್ಕಾಗಿ ಹದಿನೈದು ಇಪ್ಪತ್ತು ಲೀಟರ್ ಆರ್‌ಒ ನೀರು ಪಕ್ಕದಲ್ಲಿ ಸಿದ್ಧವಿರಲಿ. ಅದೂ ಚೀಲ ಬಿಚ್ಚಿದ ಕೆಲವೇ ನಿಮಿಷದಲ್ಲಿ ಮುಗಿಯಬೇಕು.

ನಂತರದ ದಿನಗಳಲ್ಲಿ ಉಪ್ಪನ್ನು ದಿನಕ್ಕೆ 0.001ರಂತೆ ಏರಿಸುತ್ತಾ 1.024ಕ್ಕೆ ತನ್ನಿ. ಆತುರವಿಲ್ಲ.

ಒಂದು ತಿಂಗಳು ಬೇರೆ ಮನೆ

ಪ್ರತ್ಯೇಕ ತೊಟ್ಟಿ ಎಂದರೆ ಐವತ್ತು ಅರವತ್ತು ಲೀಟರಿನ ಬರೀ ಗಾಜಿನ ತೊಟ್ಟಿ. ಮರಳು ಬೇಡ, ಕಲ್ಲು ಬೇಡ. ಸ್ಪಂಜ್ ಫಿಲ್ಟರ್ ಒಂದು ಬೇಕು, ಅದನ್ನು ದೊಡ್ಡ ತೊಟ್ಟಿಯಲ್ಲಿ ನಾಲ್ಕು ವಾರ ಓಡಿಸಿ ಬ್ಯಾಕ್ಟೀರಿಯಾ ಬೆಳೆದ ಮೇಲೆ ಇದಕ್ಕೆ ಹಾಕಿ. ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದ ಮೀನು ಹೆದರಿಯೇ ಅರ್ಧವಾಗುತ್ತದೆ, ಅದಕ್ಕಾಗಿ ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ಎರಡಿಂಚಿನ ಪಿವಿಸಿ ಎಲ್ಬೋ ನಾಲ್ಕು ತಂದು ತೊಳೆದು ಹಾಕಿದರೆ ಸಾಕು. ನಮ್ಮ ಎರಡೂ ಊರುಗಳಲ್ಲಿ ಅಕ್ವೇರಿಯಂ ಸಾಮಾನು ಸಿಗದಿದ್ದರೂ ಬೋರ್‌ವೆಲ್ ಸಾಮಾನಿಗೆ ಬರವಿಲ್ಲ. ಮೇಲೆ ಜಾಲರಿಯ ಮುಚ್ಚಳ ಇರಲಿ. ಹೊಸ ಮೀನು ಹಾರುತ್ತದೆ, ಬೆಳಿಗ್ಗೆ ನೆಲದ ಮೇಲೆ ಒಣಗಿ ಸಿಗುತ್ತದೆ.

ಎಷ್ಟು ದಿನ ಎಂದರೆ ನಾಲ್ಕು ವಾರಕ್ಕೆ ಕಡಿಮೆ ಬೇಡ. ಕಾರಣ ಬಿಳಿ ಚುಕ್ಕೆ ರೋಗ. ಇದರ ಪರೋಪಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್. ಮೀನಿನ ಚರ್ಮದೊಳಗೆ ಕೆಲವು ದಿನ ತಿಂದು ರವೆಯ ಕಾಳಿನಂತೆ ಕಾಣಿಸಿಕೊಳ್ಳುತ್ತದೆ, ನಂತರ ಉದುರಿ ತಳಕ್ಕೆ ಹೋಗಿ ಗೂಡು ಕಟ್ಟುತ್ತದೆ, ಗೂಡಿನೊಳಗೆ ನೂರಾರಾಗಿ ಒಡೆದು ವಾರಗಳ ನಂತರ ಹೊರಬಂದು ಮತ್ತೆ ಮೀನು ಹುಡುಕುತ್ತದೆ. ಚುಕ್ಕೆ ಉದುರಿದಾಗ ಮನೆಯವರು ವಾಸಿಯಾಯಿತೆಂದು ದೇವರಿಗೆ ಕೈಮುಗಿಯುತ್ತಾರೆ. ಅದು ವಾಸಿಯಲ್ಲ, ಮಧ್ಯಂತರ. ದೊಡ್ಡ ತೊಟ್ಟಿಗೆ ಒಮ್ಮೆ ಹೊಕ್ಕರೆ ಮೀನನ್ನೆಲ್ಲ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡುವುದೇ ಖಚಿತ ದಾರಿ. ತಾಮ್ರದ ಔಷಧ ಇದಕ್ಕೆ ಕೆಲಸ ಮಾಡುತ್ತದೆ, ಆದರೆ ಪ್ರಮಾಣ ಸ್ವಲ್ಪ ತಪ್ಪಿದರೂ ಮೀನನ್ನೇ ಕೊಲ್ಲುತ್ತದೆ. ತಾಮ್ರ ಅಳೆಯುವ ಕಿಟ್ ಇಲ್ಲದವರು ಅದನ್ನು ಮುಟ್ಟಬೇಡಿ, ದೊಡ್ಡ ತೊಟ್ಟಿಗಂತೂ ಎಂದೂ ಹಾಕಬೇಡಿ.

ಈ ತಿಂಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಮುಖ್ಯ. ಮೊದಲ ಎರಡು ದಿನ ಮೀನು ಅಡಗಿ ಕೂರುವುದು, ತಿನ್ನದಿರುವುದು, ಬಣ್ಣ ಮಾಸಿದಂತೆ ಕಾಣುವುದು ಸಹಜ. ಕ್ಲೌನ್ ಮೀನು ರಾತ್ರಿ ಮೂಲೆಯಲ್ಲಿ ವಾಲಿಕೊಂಡು ನಿದ್ದೆ ಮಾಡುತ್ತದೆ, ಅದನ್ನು ಕಂಡು ನಡುರಾತ್ರಿ ನಮಗೆ ಫೋನ್ ಮಾಡಿದವರಿದ್ದಾರೆ. ಆದರೆ ಕಿವಿರು ಎಡೆಬಿಡದೆ ಬಡಿದುಕೊಳ್ಳುವುದು, ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದು, ಪೈಪಿಗೆ ಮೈ ಉಜ್ಜುವುದು, ಮೈಮೇಲೆ ಚಿನ್ನದ ಪುಡಿ ಹಚ್ಚಿದಂಥ ಮಬ್ಬು, ಇವು ಕಂಡರೆ ತಡಮಾಡಬೇಡಿ. ಮೊದಲು ಅಮೋನಿಯಾ ಅಳೆಯಿರಿ, ಅದು ಇದ್ದರೆ ಸಿದ್ಧವಿಟ್ಟ ಅದೇ ಸಾಂದ್ರತೆಯ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ.

ತಿಂಗಳು ಕಳೆದು ದೊಡ್ಡ ತೊಟ್ಟಿಗೆ ಬಿಡುವಾಗ ಅಲ್ಲಿ ಮೊದಲೇ ಮೀನಿದ್ದರೆ, ಸಂಜೆ ದೀಪ ಆರಿಸಿದ ಮೇಲೆ ಬಿಡಿ. ಕಲ್ಲುಗಳ ಜಾಗವನ್ನು ಸ್ವಲ್ಪ ಬದಲಿಸಿದರೆ ಹಳಬರಿಗೂ ಜಾಗ ಹೊಸದಾಗಿ ಗಡಿ ತಂಟೆ ಕಡಿಮೆಯಾಗುತ್ತದೆ. ಗಡಿಯ ವಿಷಯ ನಮಗೆ ಬಿಡಿಸಿ ಹೇಳಬೇಕಿಲ್ಲ. ಜಗಳಗಂಟ ಮೀನಿದ್ದರೆ ಹೊಸದನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನು ತೊಟ್ಟಿಯೊಳಗೆ ಎರಡು ಮೂರು ದಿನ ತೂಗುಹಾಕಿ. ಮುಖ ಪರಿಚಯವಾದ ಮೇಲೆ ಬಿಡಬಹುದು.

ಊಟ

ಬಂದ ದಿನ ಏನೂ ಹಾಕಬೇಡಿ. ಮರುದಿನ ಚಿಟಿಕೆಯಷ್ಟು, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮೈಸಿಸ್, ಆರ್ಟೀಮಿಯಾ ಎಂಬ ಸಣ್ಣ ಸೀಗಡಿ ಜಾತಿಯ ಜೀವಿಗಳನ್ನು ಹೆಪ್ಪುಗಟ್ಟಿಸಿ ಮಾರುತ್ತಾರೆ, ತಿನ್ನಲೊಲ್ಲದ ಮೀನಿಗೆ ಅದೇ ಉತ್ತಮ. ಇಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಗಂಭೀರ ಸಮಸ್ಯೆ ಇದೆ. ಅನೇಕರದು ಸಸ್ಯಾಹಾರಿ ಮನೆ, ಫ್ರೀಜರಿನಲ್ಲಿ ಸೀಗಡಿಯ ಪೊಟ್ಟಣ ಕಂಡರೆ ಅಜ್ಜಿಯಂದಿರು ಅಡುಗೆಮನೆ ಬಿಟ್ಟು ಹೊರಡುತ್ತಾರೆ. ಮರಿಕೇಂದ್ರದ ಕ್ಲೌನ್ ಮೀನಿಗೆ ಒಣ ಗುಳಿಗೆ ಅಭ್ಯಾಸವಿರುವುದರಿಂದ ಅದನ್ನು ಆರಿಸಿಕೊಂಡವರಿಗೆ ಈ ತಾಪತ್ರಯವಿಲ್ಲ. ಕೊಳ್ಳುವಾಗ ಅಂಗಡಿಯವರ ಕೈಯಲ್ಲೇ ಗುಳಿಗೆ ಹಾಕಿಸಿ, ಮೀನು ತಿನ್ನುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಬೇಸಿಗೆ, ಕರೆಂಟು, ಸೊಳ್ಳೆಬತ್ತಿ

ಈ ಮೀನುಗಳಿಗೆ 25ರಿಂದ 27 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೋಣೆಗಳೇ 35 ದಾಟುತ್ತವೆ, ಕಲ್ಯಾಣದುರ್ಗದಲ್ಲಿ ಇನ್ನೂ ಹೆಚ್ಚು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಂತೂ ಸಿಹಿನೀರಿಗಿಂತ ಮೊದಲೇ ಕಡಿಮೆ. ಚಿಲ್ಲರ್ ಎಲ್ಲರ ಕೈಗೆಟುಕುವುದಲ್ಲ. ಆದರೆ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವ ಅದೇ ಕಾರಣಕ್ಕೆ, ಒಣ ಹವೆಯಲ್ಲಿ ತೊಟ್ಟಿಯ ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರು, ಚೆನ್ನೈನ ಸೆಕೆಯಲ್ಲಿ ಫ್ಯಾನ್ ಇಷ್ಟು ಕೆಲಸ ಮಾಡುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದು ನೆನಪಿರಲಿ. 190 ಲೀಟರಿನಲ್ಲಿ ಹತ್ತು ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37 ಆಗುತ್ತದೆ. ತೊಟ್ಟಿಯ ಗಾಜಿಗೆ ಒಂದು ಗೆರೆ ಎಳೆದು, ದಿನವೂ ಆ ಗೆರೆಗೆ ಬರುವಂತೆ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ತೆಗೆದು ಉಪ್ಪುನೀರು ಬದಲಿಸುವುದು ಬೇರೆ ಕೆಲಸ. ಮೂರು ಅಡಿಯ ತೊಟ್ಟಿಗೆ ಅದು ಸರಿಯಾಗಿ ಒಂದು ಕ್ಯಾನು, ಸುಮಾರು 700 ಗ್ರಾಂ ಉಪ್ಪು.

ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಒಂದೆರಡು ಗಂಟೆ ಕಳೆದರೆ ಉಸಿರು ಕಟ್ಟುತ್ತದೆ. ಮನೆಯ ಇನ್ವರ್ಟರಿಗೆ ತೊಟ್ಟಿಯ ಪಂಪನ್ನು ಸೇರಿಸಿ, ಹೀಟರ್, ದೀಪ ಬೇಡ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಲೇಬೇಕು. ಎರಡೂ ಇಲ್ಲ, ಹಗಲೆಲ್ಲ ಮನೆಗೆ ಬೀಗ ಎನ್ನುವವರಿಗೆ ನಮ್ಮ ಸಲಹೆ ಕೇಳಿದರೆ, ಕಡಲ ಮೀನು ತರಬೇಡಿ. ಗಪ್ಪಿ, ಮೋಲಿ ಸಾಕಿ, ಅವೂ ಚೆಂದವೇ.

ಕೊನೆಯದು ಯಾರಿಗೂ ಹೊಳೆಯದ್ದು. ಸೊಳ್ಳೆಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಔಷಧ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಬಹಳ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವವರು, ಸಾಂಬ್ರಾಣಿ ಹಾಕುವವರು ಆ ಹೊತ್ತಿಗೆ ಪಂಪನ್ನು ಪಕ್ಕದ ಕೋಣೆಯಲ್ಲಿಟ್ಟು ಉದ್ದ ಟ್ಯೂಬ್ ಎಳೆಯಿರಿ.

ಸಂಘದ ಹಿಂದೂಪುರ ಕಚೇರಿಯಲ್ಲಿ ಈಗ ಒಂದು ರಿಫ್ರಾಕ್ಟೋಮೀಟರ್, ಒಂದು ಟಿಡಿಎಸ್ ಮೀಟರ್, ಒಂದು ಅಮೋನಿಯಾ ಕಿಟ್ ಇವೆ. ಸದಸ್ಯರೊಬ್ಬರು ಕೊಡುಗೆಯಾಗಿ ಕೊಟ್ಟದ್ದು. ರಿಜಿಸ್ಟರಿನಲ್ಲಿ ಹೆಸರು, ತಾರೀಖು ಬರೆದು ಸಹಿ ಮಾಡಿ ಮೂರು ದಿನದ ಮಟ್ಟಿಗೆ ಒಯ್ಯಬಹುದು. ರಿಫ್ರಾಕ್ಟೋಮೀಟರನ್ನು ಬಳಸುವ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಅಂಕಿ 1.000ಕ್ಕೆ ಬರುವುದನ್ನು ನೋಡಿಕೊಳ್ಳಿ, ಬಳಸಿದ ಮೇಲೆ ಗಾಜನ್ನು ಆರ್‌ಒ ನೀರಿನಲ್ಲಿ ತೊಳೆದು ಒರೆಸಿ ಹಿಂದಿರುಗಿಸಿ. ಉಪ್ಪು ಒಣಗಿ ಅಂಟಿದರೆ ಮುಂದಿನವರಿಗೆ ತಪ್ಪು ಅಂಕಿ ಬರುತ್ತದೆ. ಕಲ್ಯಾಣದುರ್ಗದವರು ಮೊದಲೇ ತಿಳಿಸಿದರೆ ಅಲ್ಲಿಗೆ ಬರುವ ಸದಸ್ಯರ ಕೈಯಲ್ಲಿ ಕಳುಹಿಸಿಕೊಡುತ್ತೇವೆ. ಹುಟ್ಟುಹಬ್ಬದ ಆ ಹುಡುಗಿಯ ಮನೆಯ ತೊಟ್ಟಿ ಈಗ ಐದನೇ ವಾರದಲ್ಲಿದೆ. ಕಳೆದ ಭಾನುವಾರ ನೈಟ್ರೈಟ್ ಇನ್ನೂ ಇತ್ತು, ಹಾಗಾಗಿ ಸದ್ಯ ಕಿಟ್ ಅವರ ಹತ್ತಿರ ಇದೆ.